ಆರು ವಾಷರ್‌ಗಳು

ರೇಡಿಯೋ ನಿಯಂತ್ರಿತ ವಿಮಾನವೊಂದನ್ನು ಹೊಸದಾಗಿ ಕೊಂಡರೆ ಅದರ ಜೊತೆಗೆ ಕೈಪಿಡಿಯೂ ಬರುತ್ತದೆ. ಗುರುತ್ವ ಕೇಂದ್ರ ಎಲ್ಲಿರಬೇಕು, ಮೂಗನ್ನು ಏರಿಳಿಸುವ ಬಾಲದ ಹಲಗೆಯಾದ ಎಲಿವೇಟರ್ ಎಷ್ಟು ಮಿಲಿಮೀಟರ್ ಏಳಬೇಕು, ಯಾವ ಅಳತೆಯ ಪ್ರೊಪೆಲ್ಲರ್ ಹಾಕಬೇಕು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ವಿಮಾನದ ಜೊತೆ ಬಂದದ್ದು ಒಂದು ಕಟ್ಟು ರಬ್ಬರ್ ಬ್ಯಾಂಡ್, ಒಂದು ಹಳೆಯ ಬ್ಯಾಟರಿ ಮಾತ್ರ. ಮಾರಿದವರನ್ನು ಕೇಳೋಣವೆಂದರೆ ಅವರೂ ಅದನ್ನು ಇನ್ನೊಬ್ಬರಿಂದ ಕೊಂಡು, ಹಾರಿಸಲು ಬಿಡುವಾಗದೆ ವರ್ಷಗಟ್ಟಲೆ ಅಟ್ಟದ ಮೇಲಿಟ್ಟಿದ್ದವರು. ಹೀಗಾಗಿ ಆ ವಿಮಾನವನ್ನು ನಿಜವಾಗಿ ಹಾರಿಸಿ ಪಳಗಿಸಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಕೈಗುರುತುಗಳು ಮಾತ್ರ ಅದರ ಮೈಮೇಲೆಲ್ಲ ಉಳಿದಿದ್ದವು. ಅವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಅನುಮಾನಿಸಬೇಕು ಎಂದು ಕಲಿಯುವುದರಲ್ಲೇ ನನ್ನ ಎರಡು ತಿಂಗಳು ಕಳೆದವು.

ಅದೊಂದು ಮೇಲ್ರೆಕ್ಕೆಯ ತರಬೇತಿ ವಿಮಾನ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 160 ಸೆಂಟಿಮೀಟರ್, ಅಗಲ ಉದ್ದಕ್ಕೂ ಒಂದೇ ಸಮನಾಗಿ 28 ಸೆಂಟಿಮೀಟರ್, ಬ್ಯಾಟರಿ ಸೇರಿದರೆ ತೂಕ ಸುಮಾರು 2,300 ಗ್ರಾಂ. ಒಡಲಿಗೆ ಬಾಲ್ಸಾ ಎಂಬ ಹಗುರ ಮರ ಮತ್ತು ತೆಳು ಪ್ಲೈವುಡ್, ಮೇಲೆ ಬಿಸಿಗೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಹೊದಿಕೆ. ರೆಕ್ಕೆಯನ್ನು ಒಡಲಿಗೆ ರಬ್ಬರ್ ಬ್ಯಾಂಡುಗಳಿಂದ ಬಿಗಿಯುವ ಹಳೆಯ ಪದ್ಧತಿ. ರೆಕ್ಕೆಯ ತುದಿ ನೆಲಕ್ಕೆ ತಾಗಿದರೆ ಈ ಬ್ಯಾಂಡುಗಳು ಎಳೆದುಕೊಂಡು ರೆಕ್ಕೆ ಸರಿಯುತ್ತದೆ, ಮುರಿಯುವುದು ತಪ್ಪುತ್ತದೆ. ಎರಡೂ ತುದಿಗಳು ನಡುಭಾಗಕ್ಕಿಂತ ತುಸು ಮೇಲೆದ್ದಿದ್ದವು. ವಿಮಾನ ಒಂದು ಬದಿಗೆ ವಾಲಿ ಆ ಕಡೆಗೆ ಜಾರತೊಡಗಿದಾಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿದು ಅದನ್ನು ಮೇಲಕ್ಕೆ ತಳ್ಳುವುದರಿಂದ, ಇಂಥ ವಿಮಾನ ಕೈಬಿಟ್ಟರೂ ತಾನಾಗಿ ನೇರವಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ರೂಪ ಇಲ್ಲವೆಂದೇ ನಾನು ನಂಬಿದ್ದೇನೆ.

ಮುಂಭಾಗವನ್ನು ಮೂಗಿನ ಹತ್ತಿರ ತಂದಾಗ ಹರಳೆಣ್ಣೆಯ ವಾಸನೆ ಬಂತು. ವಿಮಾನದಲ್ಲಿ ಇದ್ದದ್ದು ವಿದ್ಯುತ್ ಮೋಟರ್. ಆದರೆ ವಾಸನೆ ಹಿಂದಿನ ಕಥೆ ಹೇಳಿತು. ಈ ಅಳತೆಯ ವಿಮಾನಗಳು ಮೊದಲು ಹಾರುತ್ತಿದ್ದುದು ಗ್ಲೋ ಎಂಜಿನ್‌ಗಳಿಂದ. ಮೆಥನಾಲ್, ಒಂದಿಷ್ಟು ನೈಟ್ರೋಮೀಥೇನ್, ಜೊತೆಗೆ ಎಂಜಿನ್ನಿನ ಒಳಭಾಗ ಸವೆಯದಿರಲೆಂದು ಹರಳೆಣ್ಣೆ ಅಥವಾ ಕೃತಕ ಎಣ್ಣೆ ಸೇರಿದ ಇಂಧನ ಅದು. ಸುಡದೆ ಉಳಿದ ಎಣ್ಣೆ ಹೊಗೆಯ ಜೊತೆ ಹೊರಬಂದು ಒಡಲಿನ ಮೇಲೆಲ್ಲ ಕೂರುತ್ತದೆ, ಸಣ್ಣ ಬಿರುಕು ಸಿಕ್ಕರೆ ಮರದೊಳಕ್ಕೆ ಇಳಿಯುತ್ತದೆ. ಯಾರೋ ಆ ಎಂಜಿನ್ನನ್ನು ತೆಗೆದು ಅದೇ ಜಾಗದಲ್ಲಿ ಮೋಟರ್ ಕೂರಿಸಿದ್ದರು. ಎಣ್ಣೆ ಕುಡಿದ ಮರ ಗೋಂದನ್ನು ಹಿಡಿಯುವುದಿಲ್ಲ. ಮೋಟರ್ ಕೂತಿರುವ ಫೈರ್‌ವಾಲ್ ಎಂಬ ಪ್ಲೈವುಡ್ ಹಲಗೆಗೆ ಎಣ್ಣೆ ಇಳಿದು ಅಂಟು ಸಡಿಲವಾಗಿದ್ದರೆ, ಪೂರ್ತಿ ವೇಗದಲ್ಲಿ ತಿರುಗುವ ಪ್ರೊಪೆಲ್ಲರ್ ಸಮೇತ ಮೋಟರೇ ಕಿತ್ತು ಬರಬಹುದು. ಆದ್ದರಿಂದ ಮೊದಲ ಕೆಲಸವೇ ಮೋಟರ್ ಬಿಚ್ಚುವುದೆಂದು ತೀರ್ಮಾನಿಸಿದೆ.

ಬಿಚ್ಚುವ ಮುನ್ನ ಪ್ರತಿ ಭಾಗದ ಫೋಟೋ ತೆಗೆದುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಮೋಟರನ್ನು ಮುಂದಿನಿಂದ ಹಿಡಿದು ಒಂದು ಫೋಟೋ, ಕೆಳಬದಿಯಿಂದ ಇನ್ನೊಂದು ಫೋಟೋ ತೆಗೆದೆ. ಮೋಟರಿನ ಲೋಹದ ಕಾಲುಮಣೆ ನಾಲ್ಕು ಬೋಲ್ಟುಗಳಿಂದ ಫೈರ್‌ವಾಲ್‌ಗೆ ಬಿಗಿದಿತ್ತು. ಬೋಲ್ಟುಗಳನ್ನು ಸಡಿಲಿಸಿದಂತೆ ಕಾಲುಮಣೆಯ ಹಿಂದಿನಿಂದ ವಾಷರ್‌ಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು. ಎಣಿಸಿದರೆ ಒಟ್ಟು ಆರು. ನಾಲ್ಕು ಬೋಲ್ಟುಗಳಿಗೆ ಆರು ವಾಷರ್ ಯಾವ ಲೆಕ್ಕಕ್ಕೂ ಹೊಂದುವಂತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಸಿಕ್ಕಿದಲ್ಲಿ ತುರುಕಿದ್ದಾರೆ, ಮಣೆ ಹಲಗೆಗೆ ಸಮವಾಗಿ ಕೂರದೆ ಸೊಟ್ಟಗಾಗಿದೆ ಎಂದುಕೊಂಡೆ. ಅವನ್ನು ಒಂದು ಸಣ್ಣ ಡಬ್ಬಿಗೆ ಹಾಕಿಟ್ಟೆ. ಫೈರ್‌ವಾಲ್‌ಗೆ ಪೌಡರ್ ಉದುರಿಸಿ, ಬಿಸಿಗಾಳಿ ಹಾಯಿಸಿ, ಮೇಲೆದ್ದು ಬಂದ ಎಣ್ಣೆಯನ್ನು ಒರೆಸಿ ಮತ್ತೆ ಪೌಡರ್ ಉದುರಿಸುತ್ತ ಮೂರು ಸಂಜೆ ಕಳೆದ ಮೇಲೆ ಮರ ಒಣಗಿತು. ಹಲಗೆಯ ಒಳಮೂಲೆಗಳಿಗೆ ತ್ರಿಕೋನಾಕಾರದ ಮರದ ಪಟ್ಟಿಗಳನ್ನು ಎಪಾಕ್ಸಿಯಿಂದ ಅಂಟಿಸಿದೆ. ಮೋಟರನ್ನು ಮರಳಿ ಕೂರಿಸುವಾಗ ಮಣೆಯನ್ನು ಹಲಗೆಗೆ ಒತ್ತಿ, ಎಲ್ಲ ಕಡೆಯೂ ಸಮನಾಗಿ, ವಾಷರ್ ಇಲ್ಲದೆ ಬಿಗಿದೆ. ಕೆಲಸ ಅಚ್ಚುಕಟ್ಟಾಯಿತೆಂಬ ಸಮಾಧಾನ ಆಗ ನನಗಿತ್ತು.

ಬಾಲದ ಕಡೆ ನಡೆದದ್ದು ಇದಕ್ಕೆ ವಿರುದ್ಧ. ಬಾಲದ ಅಡ್ಡಹಲಗೆಯ ಎಡಭಾಗದಲ್ಲಿ ಕೆಂಪು ಹೊದಿಕೆಯ ಪಟ್ಟಿಯೊಂದು ನೀಟಾಗಿ, ಒಂದು ಗುಳ್ಳೆಯೂ ಇಲ್ಲದಂತೆ ಅಂಟಿಕೊಂಡಿತ್ತು. ಬಲಭಾಗದಲ್ಲಿ ಅದಕ್ಕೆ ಜೋಡಿಯಾದ ಪಟ್ಟಿ ಇರಲಿಲ್ಲ. ಅಲಂಕಾರವಾಗಿದ್ದರೆ ಎರಡೂ ಕಡೆ ಇರಬೇಕಿತ್ತಲ್ಲ ಎಂದು ಅನುಮಾನ ಬಂದು, ಹಲಗೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದೆ. ಪಟ್ಟಿಯ ಅಡಿಯಿಂದ ಒಣ ಕಡ್ಡಿ ಮುರಿಯುವಂಥ ಚಿಕ್ಕ ಸದ್ದು ಬಂತು. ಪಟ್ಟಿ ಸುಲಿದು ನೋಡಿದರೆ ಬಾಲ್ಸಾ ಮುಕ್ಕಾಲು ಅಗಲ ಸೀಳಿತ್ತು. ಸೀಳನ್ನು ಹೊದಿಕೆಯಿಂದ ಮುಚ್ಚಿದ್ದರೇ ಹೊರತು ಒಳಗೆ ಒಂದು ಹನಿ ಗೋಂದೂ ಹಾಕಿರಲಿಲ್ಲ. ಗಾಳಿಯಲ್ಲಿ ಅದು ಮುರಿದಿದ್ದರೆ ಎಲಿವೇಟರ್‌ನ ಅರ್ಧ ಹೋಗಿ ವಿಮಾನ ನೇರ ನೆಲಕ್ಕೆ ಬರುತ್ತಿತ್ತು. ಸೀಳಿಗೆ ಅಂಟು ತುಂಬಿ, ಅಡ್ಡಲಾಗಿ ತೆಳುವಾದ ಕಾರ್ಬನ್ ಪಟ್ಟಿ ಕೂರಿಸಿ, ಮೇಲೆ ಹೊಸ ಹೊದಿಕೆ ಎಳೆದೆ. ಅದಾದ ಮೇಲೆ ಎಲ್ಲ ಹಿಂಜ್‌ಗಳನ್ನೂ ಎಳೆದು ನೋಡಿದೆ. ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಹಲಗೆಗಳಾದ ಏಲೆರಾನ್‌ಗಳ ಹಿಂಜ್‌ಗಳಲ್ಲಿ ಎರಡು ಕೈಗೇ ಬಂದವು. ಹಳೆಯ ವಿಮಾನದಲ್ಲಿ ಹಿಂಜ್ ಹೊಸದಾಗಿ ಹಾಕುವುದಕ್ಕೆ ಒಂದು ಸಂಜೆ ಸಾಕು. ಅದನ್ನು ಮಾಡದೆ ಹಾರಿಸುವುದು ಸರಿಯಲ್ಲ.

ಒಡಲಿನೊಳಗೆ ಸ್ಫಟಿಕ ಹಾಕುವ ಹಳೆಯ ಕಾಲದ ರಿಸೀವರ್ ಇತ್ತು. ಅದರಿಂದ ಹೊರಟ ಸುಮಾರು ಒಂದು ಮೀಟರ್ ಉದ್ದದ ತಂತಿ ಒಡಲಿನ ರಂಧ್ರದಿಂದ ಹೊರಬಂದು ಬಾಲದ ತುದಿಯವರೆಗೆ ಎಳೆದುಕೊಂಡಿತ್ತು. ಆ ಕಾಲದಲ್ಲಿ ಹಾರಿಸುವವರೆಲ್ಲ ಕಿರಿದಾದ ರೇಡಿಯೋ ಆವರ್ತನ ಪಟ್ಟಿಯೊಂದನ್ನು ಚಾನೆಲ್‌ಗಳಾಗಿ ಹಂಚಿಕೊಳ್ಳಬೇಕಿತ್ತು. ಒಬ್ಬರು ಹಾರಿಸುತ್ತಿರುವಾಗ ಅದೇ ಚಾನೆಲ್‌ನಲ್ಲಿ ಇನ್ನೊಬ್ಬರು ಟ್ರಾನ್ಸ್‌ಮಿಟರ್ ಹಚ್ಚಿದರೆ ಮೇಲಿರುವ ವಿಮಾನ ಬಿದ್ದಂತೆಯೇ. ಆದ್ದರಿಂದ ಮೈದಾನದಲ್ಲಿ ಒಂದು ಹಲಗೆ ನಿಲ್ಲಿಸಿ, ತಮ್ಮ ಚಾನೆಲ್‌ನ ಕ್ಲಿಪ್ ಯಾರ ಬಳಿ ಇದೆಯೋ ಅವರು ಮಾತ್ರ ಹಾರಿಸುವ ಶಿಸ್ತು ಇತ್ತು. ಈಗಿನ 2.4 ಗಿಗಾಹರ್ಟ್ಸ್ ವ್ಯವಸ್ಥೆಯಲ್ಲಿ ರಿಸೀವರನ್ನು ಒಂದು ಟ್ರಾನ್ಸ್‌ಮಿಟರ್‌ಗೆ ಬೈಂಡ್ ಮಾಡಿದರೆ ಅದು ಬೇರೆಯವರ ಮಾತಿಗೆ ಕಿವಿಗೊಡುವುದಿಲ್ಲ. ಅಲೆಯ ಉದ್ದ ಕಡಿಮೆಯಾದ್ದರಿಂದ ಆಂಟೆನಾ ಕೂಡ ಮೂರು ಸೆಂಟಿಮೀಟರಿಗೆ ಇಳಿದಿದೆ. ನನ್ನ ಹೊಸ ರಿಸೀವರ್‌ಗೆ ಅಂಥ ಆಂಟೆನಾಗಳು ಎರಡು. ವಿಮಾನ ಹೇಗೆ ತಿರುಗಿದರೂ ಒಂದಾದರೂ ಸಿಗ್ನಲ್ ಹಿಡಿಯಲೆಂದು ಅವನ್ನು ಒಂದಕ್ಕೊಂದು ಲಂಬವಾಗಿ ಅಂಟಿಸಿದೆ.

ಹಳೆಯ ತಂತಿಯನ್ನು ಎಳೆದು ತೆಗೆಯುವಾಗ ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ನೆನಪಾದರು. ಅವರು 1937ರಲ್ಲಿ ರೇಡಿಯೋದಿಂದ ಹಾರಿಸಿದ 'ಗಫ್' ಎಂಬ ವಿಮಾನ ಈ ಹವ್ಯಾಸದ ಹಿರಿಯಜ್ಜ. ಅದು ಈಗ ಸ್ಮಿತ್ಸೋನಿಯನ್‌ನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ. ಕೊಂಡು ತರಲು ಸಿದ್ಧ ಸಾಧನಗಳೇ ಇಲ್ಲದ ಆ ದಿನಗಳಲ್ಲಿ ನಿರ್ವಾತ ಕೊಳವೆಗಳ ರಿಸೀವರನ್ನು ಹೊತ್ತು ಒಂದು ವಿಮಾನ ಎದ್ದು, ಕೆಳಗಿದ್ದವರ ಮಾತು ಕೇಳಿತೆಂಬುದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಎಲಿವೇಟರ್, ಏಲೆರಾನ್‌ಗಳನ್ನು ತಮ್ಮ ತೋಳಿನಿಂದ ಆಡಿಸುವ ಪುಟ್ಟ ಮೋಟರುಗಳಾದ ಸರ್ವೋಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ರಿಸೀವರ್ ಸರ್ವೋಗೆ ಸೆಕೆಂಡಿಗೆ ಸುಮಾರು 50 ಸಲ ಒಂದು ಮಿಡಿತ ಕಳಿಸುತ್ತದೆ. ಮಿಡಿತದ ಉದ್ದ 1.5 ಮಿಲಿಸೆಕೆಂಡ್ ಆದರೆ ತೋಳು ನಡುವಿನಲ್ಲಿ ನಿಲ್ಲುತ್ತದೆ, 1 ಆದರೆ ಒಂದು ಕೊನೆಗೆ, 2 ಆದರೆ ಇನ್ನೊಂದು ಕೊನೆಗೆ ಹೋಗುತ್ತದೆ. ತೋಳು ಎಲ್ಲಿದೆಯೆಂದು ಸರ್ವೋಗೆ ತಿಳಿಯುವುದು ಒಳಗಿರುವ ಪುಟ್ಟ ಪೊಟೆನ್ಷಿಯೋಮೀಟರಿನಿಂದ. ಬಹುಕಾಲ ಹಾರಿದ ಸರ್ವೋದಲ್ಲಿ ಅದು ಸವೆಯುವುದು ನಡುಭಾಗದಲ್ಲೇ, ಏಕೆಂದರೆ ಹಾರಾಟದ ಹೆಚ್ಚಿನ ಸಮಯ ತೋಳು ಅಲ್ಲೇ ಅತ್ತಿತ್ತ ಅಲುಗಾಡುತ್ತಿರುತ್ತದೆ. ಟ್ರಾನ್ಸ್‌ಮಿಟರಿನ ಸ್ಟಿಕ್ಕನ್ನು ಬಹಳ ನಿಧಾನವಾಗಿ ನಡುವಿನಿಂದ ಸರಿಸಿದಾಗ ಎಲಿವೇಟರ್ ಸರ್ವೋ ಎರಡು ಸಲ ಬೆಚ್ಚಿಬಿದ್ದಂತೆ ನಡುಗಿತು. ಜೋರಾಗಿ ಆಡಿಸಿದರೆ ಆ ದೋಷ ಕಾಣಿಸುತ್ತಲೇ ಇರಲಿಲ್ಲ. ಅದನ್ನು ಬದಲಿಸಿ ಉಳಿದವನ್ನು ಇಟ್ಟುಕೊಂಡೆ.

ನಂತರದ್ದು ದಿಕ್ಕಿನ ಪರೀಕ್ಷೆ. ಬೇರೆಯವರು ಕಟ್ಟಿದ ವಿಮಾನಕ್ಕೆ ನಮ್ಮ ಟ್ರಾನ್ಸ್‌ಮಿಟರ್ ಜೋಡಿಸಿದಾಗ ಯಾವುದಾದರೊಂದು ಚಾನೆಲ್ ಉಲ್ಟಾ ಇರುವ ಸಂಭವ ಬಹಳ. ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ಸರಿಸಿದರೆ ಬಲಗಡೆಯ ಏಲೆರಾನ್ ಮೇಲೇಳಬೇಕು, ಎಡಗಡೆಯದು ಇಳಿಯಬೇಕು. ಸ್ಟಿಕ್ಕನ್ನು ನಮ್ಮ ಕಡೆ ಎಳೆದರೆ ಎಲಿವೇಟರ್ ಏಳಬೇಕು. ಪರೀಕ್ಷೆ ಇಷ್ಟು ಸುಲಭ, ಆದರೂ ಅನುಭವಿಗಳೇ ಎಡವುವ ಜಾಗ ಇದು, ಏಕೆಂದರೆ 'ಅಲುಗಾಡುತ್ತಿದೆ' ಎಂದು ನೋಡಿದ ಕಣ್ಣು 'ಯಾವ ಕಡೆಗೆ' ಎಂದು ನೋಡುವುದನ್ನು ಮರೆಯುತ್ತದೆ. ನನ್ನ ವಿಮಾನದಲ್ಲಿ ಏಲೆರಾನ್ ಉಲ್ಟಾ ಇತ್ತು. ಟ್ರಾನ್ಸ್‌ಮಿಟರಿನಲ್ಲಿ ಸರಿಪಡಿಸಿದೆ. ಏಲೆರಾನ್ ಮೇಲಕ್ಕೆ 12, ಕೆಳಕ್ಕೆ 8 ಮಿಲಿಮೀಟರ್ ಚಲಿಸುವಂತೆ ಇಟ್ಟೆ. ಕೆಳಗಿಳಿಯುವ ಏಲೆರಾನ್ ಗಾಳಿಯನ್ನು ಹೆಚ್ಚು ತಡೆದು ಮೂಗನ್ನು ತಿರುವಿನ ವಿರುದ್ಧ ದಿಕ್ಕಿಗೆ ಎಳೆಯುವುದರಿಂದ ಅದರ ಚಲನೆ ಕಡಿಮೆ ಇರುವುದು ಒಳ್ಳೆಯದು. ಎಲಿವೇಟರ್‌ಗೆ ಎರಡೂ ಕಡೆ 12 ಮಿಲಿಮೀಟರ್ ಕೊಟ್ಟೆ. ನಡುಭಾಗದಲ್ಲಿ ಸ್ಟಿಕ್ ಮೆತ್ತಗಿರಲೆಂದು ಅಂದರೆ ಅಲ್ಲಿ ಸ್ಟಿಕ್ ಸರಿದಷ್ಟಕ್ಕೆ ಹಲಗೆ ಕಡಿಮೆ ಚಲಿಸಲೆಂದು, ಎಕ್ಸ್‌ಪೋ ಎಂಬ ಹೊಂದಿಕೆಯನ್ನು ಶೇಕಡಾ 30 ಸೇರಿಸಿದೆ. ಇದರಲ್ಲೊಂದು ಎಚ್ಚರ ಬೇಕು. ಕೆಲವು ಕಂಪನಿಗಳ ಟ್ರಾನ್ಸ್‌ಮಿಟರುಗಳಲ್ಲಿ ಸ್ಟಿಕ್ ಮೆತ್ತಗಾಗಲು ಅಂಕಿಯ ಮುಂದೆ ಪ್ಲಸ್ ಇರಬೇಕು, ಇನ್ನು ಕೆಲವದರಲ್ಲಿ ಮೈನಸ್. ತಪ್ಪಾದರೆ ಸ್ಟಿಕ್ ಮೆತ್ತಗಾಗುವ ಬದಲು ಚುರುಕಾಗುತ್ತದೆ. ಪರದೆಯ ಮೇಲಿನ ರೇಖೆ ನಡುವಿನಲ್ಲಿ ಚಪ್ಪಟೆಯಾಗಿದೆಯೇ ಎಂದು ನೋಡಿಕೊಂಡರೆ ಸಂಶಯ ತೀರುತ್ತದೆ.

ರೆಕ್ಕೆಯನ್ನು ಮಗುಚಿದಾಗ ಒಡಲಿಗೆ ಹತ್ತಿರದಲ್ಲಿ ಪೆನ್ಸಿಲಿನ ಗೆರೆಗಳು ಕಂಡವು. ರೆಕ್ಕೆಯ ಮುಂಚೂಣಿಯಿಂದ 92 ಮಿಲಿಮೀಟರ್ ಹಿಂದೆ ಒಂದು ಗೆರೆ, ಅದರ ಮೇಲೆ ಎರಡು ಸಲ ಅಡ್ಡ ಎಳೆದಿದ್ದರು. ಅದಕ್ಕಿಂತ ಮುಂದೆ, 80 ಮಿಲಿಮೀಟರಿನಲ್ಲಿ, ಒತ್ತಿ ಎಳೆದ ಇನ್ನೊಂದು ಗೆರೆ. ಇದು ಗುರುತ್ವ ಕೇಂದ್ರದ ಗುರುತೆಂದು ಹೇಳಲು ಯಾರೂ ಬೇಕಿರಲಿಲ್ಲ. ಇಂಥ ಆಯಾಕಾರದ ರೆಕ್ಕೆಗೆ ಅಗಲದ ಶೇಕಡಾ 25ರಿಂದ 33ರವರೆಗೆ ಗುರುತ್ವ ಕೇಂದ್ರ ಇರಬಹುದು. 28 ಸೆಂಟಿಮೀಟರ್ ಅಗಲಕ್ಕೆ ಅದು 70ರಿಂದ 92 ಮಿಲಿಮೀಟರ್ ಆಗುತ್ತದೆ. ಅವರು ಮೊದಲು ಹಿಂದಿನ ಮಿತಿಯಲ್ಲೇ ಹಾರಿಸಿದ್ದಾರೆ. ವಿಮಾನ ಚಂಚಲವಾಗಿ ಕುಣಿದಿರಬೇಕು. ಆಮೇಲೆ 12 ಮಿಲಿಮೀಟರ್ ಮುಂದಕ್ಕೆ ತಂದಿದ್ದಾರೆ. ಹೊಡೆದುಹಾಕಿದ ಆ ಗೆರೆಯ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಮುಖ ಕಾಣದ ಒಬ್ಬರು ಒಂದು ಭಯದ ಹಾರಾಟ ಮುಗಿಸಿ, ಮನೆಗೆ ಬಂದು, ಪೆನ್ಸಿಲ್ ಹಿಡಿದು ಎಳೆದ ಎರಡು ಅಡ್ಡಗೆರೆಗಳು ಅವು. ಬಾಲಭಾರವಾದ ವಿಮಾನ ಒಂದು ಚೂರು ಮೂಗೆತ್ತಿದರೆ ಸಾಕು, ಅದು ತಾನಾಗಿ ಇನ್ನಷ್ಟು ಎತ್ತಿಕೊಳ್ಳುತ್ತ ಹೋಗುತ್ತದೆ; ಕೈ ಅದರ ಹಿಂದೆ ಓಡಬೇಕಾಗುತ್ತದೆ.

ನನ್ನ ಬ್ಯಾಟರಿ ಇಟ್ಟು, ರೆಕ್ಕೆಯಡಿ ಎರಡು ಬೆರಳ ತುದಿಗಳಲ್ಲಿ ಎತ್ತಿ ನೋಡಿದರೆ ವಿಮಾನ 95ರಲ್ಲಿ ತೂಗಿತು. ಅದನ್ನು 80ಕ್ಕೆ ತರಬೇಕು. 2,300 ಗ್ರಾಂ ತೂಕ 15 ಮಿಲಿಮೀಟರ್ ಸರಿಯಬೇಕೆಂದರೆ, 420 ಗ್ರಾಂ ಬ್ಯಾಟರಿ ಸುಮಾರು 82 ಮಿಲಿಮೀಟರ್ ಮುಂದಕ್ಕೆ ಹೋಗಬೇಕು. ಫೈರ್‌ವಾಲ್‌ಗೆ ತಾಗುವ ಮುನ್ನ ಸಿಕ್ಕಿದ ಜಾಗ 60 ಮಾತ್ರ. ಉಳಿದದ್ದನ್ನು ಮೂಗಿನ ತುದಿಯಲ್ಲಿ ಸುಮಾರು 30 ಗ್ರಾಂ ಸೀಸ ಅಂಟಿಸಿ ತೂಗಿಸಿದೆ. ಇರುವ ಭಾರವನ್ನೇ ಸರಿಸಿ ನೋಡಿ, ಸಾಲದಾಗ ಮಾತ್ರ ಹೊಸ ಭಾರ ಸೇರಿಸಬೇಕು. ಇಂಗ್ಲೆಂಡಿನ ಜಾರ್ಜ್ ಕೇಲಿ 1804ರಲ್ಲಿ ಮಾಡಿದ ಪುಟ್ಟ ಗ್ಲೈಡರ್‌ನಲ್ಲೂ ಸಮತೋಲಕ್ಕಾಗಿ ಸರಿಸಬಹುದಾದ ಒಂದು ಭಾರವಿತ್ತು. ಇನ್ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೂ ಹಾರುವ ಮೊದಲು ಮಾಡುವ ಕೆಲಸ ಅದೇ ಆಗಿದೆ.

ವಿದ್ಯುತ್ತಿನ ಲೆಕ್ಕ ಬೇಗ ಮುಗಿಯಿತು. ತರಬೇತಿ ವಿಮಾನಕ್ಕೆ ಕಿಲೋಗ್ರಾಂಗೆ 150ರಿಂದ 200 ವ್ಯಾಟ್ ಇದ್ದರೆ ನೆಮ್ಮದಿ. ನಾಲ್ಕು ಸೆಲ್‌ಗಳ, ಅಂದರೆ 14.8 ವೋಲ್ಟ್‌ನ, ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಿಂದ ಮೋಟರ್ ಪೂರ್ತಿ ವೇಗದಲ್ಲಿ 30 ಆಂಪಿಯರ್ ಎಳೆಯಿತು, ಸುಮಾರು 440 ವ್ಯಾಟ್ ಆಯಿತು. ಬ್ಯಾಟರಿಯ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ವಿಮಾನದ ಜೊತೆ ಬಂದಿದ್ದ ಹಳೆಯ ಬ್ಯಾಟರಿ ದಿಂಬಿನಂತೆ ಊದಿಕೊಂಡಿತ್ತು. ಹಾಗೆ ಊದಿದ್ದನ್ನು ಚಾರ್ಜ್ ಮಾಡಬಾರದು, ಅದು ಹೊತ್ತಿಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ವಿಮಾನ ಕೊಳ್ಳುವವರು ಬ್ಯಾಟರಿಯನ್ನು ಬೆಲೆಯಲ್ಲಿ ಲೆಕ್ಕಕ್ಕೇ ಹಿಡಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹೊಸದನ್ನು ತಂದೆ. 4,000 ಎಂಎಎಚ್ ಬ್ಯಾಟರಿಯನ್ನು 4 ಆಂಪಿಯರ್‌ನಲ್ಲಿ, ಸೆಲ್ ಒಂದಕ್ಕೆ 4.2 ವೋಲ್ಟ್ ಬರುವವರೆಗೆ, ಕಣ್ಣೆದುರೇ ಇಟ್ಟು ಚಾರ್ಜ್ ಮಾಡುತ್ತೇನೆ. ಹಾರಿಸದ ದಿನಗಳಲ್ಲಿ 3.8 ವೋಲ್ಟ್‌ನಲ್ಲಿ ಇಡುತ್ತೇನೆ.

ಮೊದಲ ಹಾರಾಟದ ಬೆಳಿಗ್ಗೆ ಗಾಳಿ ಹುಲ್ಲಿನ ತುದಿಯನ್ನಷ್ಟೇ ಅಲುಗಿಸುತ್ತಿತ್ತು. ಬಹುಕಾಲದಿಂದ ಹಾರಿಸುತ್ತಿರುವ ಹಿರಿಯರೊಬ್ಬರು ನನ್ನ ಪಕ್ಕ ನಿಲ್ಲಲು ಒಪ್ಪಿದ್ದರು. ಟ್ರಾನ್ಸ್‌ಮಿಟರ್ ಮೊದಲು, ಆಮೇಲೆ ವಿಮಾನದ ಬ್ಯಾಟರಿ, ಮುಗಿಸುವಾಗ ಇದರ ತಿರುವುಮುರುವು ಎಂಬ ಕ್ರಮವನ್ನು ಅವರು ಮತ್ತೊಮ್ಮೆ ನನ್ನ ಬಾಯಲ್ಲೇ ಹೇಳಿಸಿದರು. ಟ್ರಾನ್ಸ್‌ಮಿಟರನ್ನು ರೇಂಜ್ ಪರೀಕ್ಷೆಯ ಕಡಿಮೆ ಶಕ್ತಿಗೆ ಇಟ್ಟು ಮೂವತ್ತು ಹೆಜ್ಜೆ ಹಿಂದೆ ಸರಿದು, ಮೋಟರ್ ನಿಂತಿರುವಾಗ ಒಮ್ಮೆ, ಅವರು ವಿಮಾನ ಹಿಡಿದುಕೊಂಡು ಮೋಟರ್ ಓಡುತ್ತಿರುವಾಗ ಒಮ್ಮೆ, ಎಲ್ಲ ಚಲನೆಗಳನ್ನೂ ನೋಡಿದೆ. ಟ್ರಾನ್ಸ್‌ಮಿಟರ್ ಆರಿಸಿದರೆ ಮೋಟರ್ ನಿಲ್ಲುತ್ತದೆಯೇ ಎಂಬ ಫೇಲ್‌ಸೇಫ್ ಪರೀಕ್ಷೆಯೂ ಆಯಿತು. ನಂತರ ವಿಮಾನವನ್ನು ಗಾಳಿಗೆ ಎದುರಾಗಿ ನಿಲ್ಲಿಸಿ ಥ್ರಾಟಲ್ ನಿಧಾನವಾಗಿ ಏರಿಸಿದೆ.

ಓಡಲು ಶುರುವಾದೊಡನೆ ವಿಮಾನ ಎಡಕ್ಕೆ ಎಳೆಯಿತು. ಮೂಗಿನಲ್ಲಿ ಒಂದೇ ಪ್ರೊಪೆಲ್ಲರ್ ಇರುವ ಇಂಥ ವಿಮಾನಗಳು ಸಾಮಾನ್ಯವಾಗಿ ಅಷ್ಟಿಷ್ಟು ಎಡಕ್ಕೆ ಎಳೆಯುವುದು ಸಹಜವೆಂದು, ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ನೆಟ್ಟನೆಯ ಹಲಗೆಯಾದ ರಡರನ್ನು ಬಲಕ್ಕೆ ಕೊಟ್ಟೆ. ಕೊಟ್ಟಷ್ಟೂ ಸಾಲದಾಯಿತು. ಹದಿನೈದು ಮೀಟರ್ ಓಡುವಷ್ಟರಲ್ಲಿ ಚಕ್ರಗಳು ನೆಲ ಬಿಟ್ಟವು, ಮೂಗು ನಾನು ಕೇಳದೆಯೇ ಏಳತೊಡಗಿತು. ಎಲಿವೇಟರ್ ಸ್ಟಿಕ್ಕನ್ನು ಮುಂದಕ್ಕೆ ಒತ್ತಿದೆ, ಮತ್ತೂ ಒತ್ತಿದೆ. ವಿಮಾನ ಏಣಿ ಹತ್ತುವಂತೆ ಮೇಲಕ್ಕೇ ಹೋಗುತ್ತಿತ್ತು. ಆ ಕೋನದಲ್ಲಿ ಇನ್ನೆರಡು ಕ್ಷಣ ಹೋಗಿದ್ದರೆ ವೇಗ ಕಳೆದು, ರೆಕ್ಕೆ ಎತ್ತುವ ಶಕ್ತಿ ಬಿಟ್ಟು, ಅದು ಸ್ಟಾಲ್ ಆಗಿ ಮಗುಚುತ್ತಿತ್ತು.

"ಸ್ಟಿಕ್ ಜೊತೆ ಗುದ್ದಾಡಬೇಡಿ. ಥ್ರಾಟಲ್ ಇಳಿಸಿ, ಅರ್ಧಕ್ಕೆ ತನ್ನಿ," ಎಂದರು ಪಕ್ಕದಲ್ಲಿದ್ದವರು, ದನಿ ಏರಿಸದೆ.

ಥ್ರಾಟಲ್ ಅರ್ಧಕ್ಕೆ ಬಂದದ್ದೇ ಮೂಗು ಇಳಿಯಿತು. ಎಲಿವೇಟರಿನ ನಡುಸ್ಥಾನವನ್ನು ಚೂರುಚೂರೇ ಸರಿಸುವ ಟ್ರಿಮ್ ಗುಂಡಿಯನ್ನು ಕೆಳಮುಖವಾಗಿ ಆರೇಳು ಸಲ ಒತ್ತಿದ ಮೇಲೆ ಅರ್ಧ ವೇಗದಲ್ಲಿ ವಿಮಾನ ಸಮತಲದಲ್ಲಿ ಹಾರಿತು. ಎಡಕ್ಕೆ ಮೆಲ್ಲನೆ ಒಂದು ಸುತ್ತು, ಮತ್ತೊಂದು ಸುತ್ತು ಹಾಕಿಸಿದೆ. ನನ್ನ ಕಡೆಗೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಯಾವ ರೆಕ್ಕೆ ಇಳಿದಿದೆಯೋ ಆ ಕಡೆಗೆ ಸ್ಟಿಕ್ ಒತ್ತಿದರೆ ನೇರವಾಗುತ್ತದೆ ಎಂಬ ಪಾಠವನ್ನು ಬೆರಳುಗಳು ಮರೆತಿರಲಿಲ್ಲ. ಥ್ರಾಟಲ್ ಏರಿಸಿದರೆ ಮಾತ್ರ ಮತ್ತೆ ಅದೇ ಏಣಿ. ಪೂರ್ತಿ ಇಳಿಸಿದರೆ ಒಮ್ಮೆಲೇ ತಲೆ ಬಗ್ಗಿಸುತ್ತಿತ್ತು. ಎಡಗೈ ಥ್ರಾಟಲ್ ಮುಟ್ಟಿದಾಗಲೆಲ್ಲ ಬಲಗೈ ಎಲಿವೇಟರಿನಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಇಳಿಸುವ ಮುನ್ನ ಹಿರಿಯರು ಒಂದು ಪರೀಕ್ಷೆ ಮಾಡಿಸಿದರು. ಎತ್ತರಕ್ಕೆ ಒಯ್ದು, ಮೋಟರ್ ನಿಲ್ಲಿಸಿ, ಮೂಗನ್ನು ಓರೆಯಾಗಿ ಕೆಳಕ್ಕೆ ತಿರುಗಿಸಿ ಎಲಿವೇಟರ್ ಬಿಟ್ಟುಬಿಡಬೇಕು. ವಿಮಾನ ಇನ್ನೂ ಕಡಿದಾಗಿ ಧುಮುಕಿದರೆ ಬಾಲಭಾರ, ಥಟ್ಟನೆ ಮೇಲಕ್ಕೆ ಚಿಮ್ಮಿದರೆ ಮೂಗುಭಾರ. ಅದು ಎರಡನ್ನೂ ಮಾಡಲಿಲ್ಲ. ಉದ್ದನೆಯ ಸೌಮ್ಯವಾದ ಕಮಾನಿನಲ್ಲಿ ತಾನಾಗಿ ಸಮತಲಕ್ಕೆ ಬಂತು. 80ರ ಗೆರೆ ಸರಿಯಾಗಿಯೇ ಇತ್ತು.

ಆರು ನಿಮಿಷಕ್ಕೆ ಇಳಿಸಿದೆ. ಚಕ್ರ ಒಮ್ಮೆ ಪುಟಿದು, ಹುಲ್ಲಿನಲ್ಲಿ ಓಡಿ ನಿಂತಿತು. ಬೆರಳುಗಳು ನಡುಗುತ್ತಿದ್ದವು. ಬ್ಯಾಟರಿ ಕಳಚಿದ ಮೇಲೆ ಹಿರಿಯರು ವಿಮಾನವನ್ನು ಎತ್ತಿ, ಬದಿಯಿಂದ ಮೋಟರಿನ ಅಕ್ಷವನ್ನು ಒಂದು ಕಣ್ಣಿನಲ್ಲಿ ನೋಡಿದರು. "ಮೋಟರ್ ನೆಟ್ಟಗೆ ಕೂತಿದೆಯಲ್ಲ, ಮೊದಲೂ ಹೀಗೇ ಇತ್ತೇ?" ಎಂದು ಕೇಳಿದರು. ಡಬ್ಬಿಯಲ್ಲಿದ್ದ ಆರು ವಾಷರ್‌ಗಳು ನನಗೆ ಆಗ ನೆನಪಾದವು.

ಮನೆಗೆ ಬಂದು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮುಂದಿನಿಂದ ತೆಗೆದದ್ದಾದ್ದರಿಂದ ವಿಮಾನದ ಎಡಬದಿ ಅದರಲ್ಲಿ ನನ್ನ ಬಲಕ್ಕಿತ್ತು. ಮೇಲಿನ ಎಡ ಬೋಲ್ಟಿನಲ್ಲಿ ಮೂರು ವಾಷರ್. ಮೇಲಿನ ಬಲಕ್ಕೆ ಎರಡು. ಕೆಳಗಿನ ಎಡಕ್ಕೆ ಒಂದು. ಕೆಳಗಿನ ಬಲಕ್ಕೆ ಒಂದೂ ಇಲ್ಲ. ಮೂರು, ಎರಡು, ಒಂದು, ಸೊನ್ನೆ. ಕೈಗೆ ಸಿಕ್ಕಿದ್ದನ್ನು ತುರುಕಿದವರ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಮೇಲಿನ ಎರಡೂ ಬೋಲ್ಟುಗಳಲ್ಲಿ ಅವುಗಳ ಕೆಳಗಿನವಕ್ಕಿಂತ ಎರಡೆರಡು ವಾಷರ್ ಹೆಚ್ಚು, ಎಡಗಡೆಯ ಎರಡೂ ಬೋಲ್ಟುಗಳಲ್ಲಿ ಬಲಗಡೆಯವಕ್ಕಿಂತ ಒಂದೊಂದು ಹೆಚ್ಚು. ಹೀಗಿದ್ದಾಗ ಮಾತ್ರ ಮಣೆ ನಾಲ್ಕೂ ಕಾಲುಗಳಲ್ಲಿ ಅಲುಗದೆ ಕೂತು ಎರಡು ದಿಕ್ಕಿಗೂ ಬಾಗುತ್ತದೆ. ಒಂದೊಂದು ವಾಷರ್ ಒಂದು ಮಿಲಿಮೀಟರ್ ದಪ್ಪ, ಬೋಲ್ಟುಗಳ ನಡುವಿನ ಅಂತರ 50 ಮಿಲಿಮೀಟರ್. ಲೆಕ್ಕ ಹಾಕಿದರೆ ಮೋಟರಿನ ಅಕ್ಷ ಕೆಳಕ್ಕೆ ಎರಡು ಡಿಗ್ರಿಗಿಂತ ತುಸು ಹೆಚ್ಚು, ಬಲಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚು ತಿರುಗಿತ್ತು.

ಕಾರಣ ಹುಡುಕುವುದು ಆಮೇಲೆ ಕಷ್ಟವಾಗಲಿಲ್ಲ. ಮೇಲ್ರೆಕ್ಕೆಯ ವಿಮಾನದಲ್ಲಿ ಗಾಳಿಯ ತಡೆ ಹೆಚ್ಚಾಗಿ ಮೇಲ್ಗಡೆ, ರೆಕ್ಕೆಯ ಹತ್ತಿರ, ಕೂಡಿರುತ್ತದೆ. ಮೋಟರ್ ಎಳೆಯುವುದು ಅದಕ್ಕಿಂತ ಕೆಳಗಿನಿಂದ. ಕೆಳಗಿನಿಂದ ಮುಂದಕ್ಕೆ ಎಳೆದು ಮೇಲಿನಿಂದ ಹಿಂದಕ್ಕೆ ಹಿಡಿದರೆ ಮೂಗು ಏಳದೆ ಬೇರೆ ದಾರಿಯಿಲ್ಲ. ಅದರ ಜೊತೆಗೆ, ತಾನಾಗಿ ಸ್ಥಿರವಾಗಿರುವ ಯಾವ ವಿಮಾನವೂ ವೇಗ ಹೆಚ್ಚಾದಾಗ ಮೂಗೆತ್ತುತ್ತದೆ. ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಹುರಿಗೊಳಿಸಿದ ರಬ್ಬರಿನ ಶಕ್ತಿಯಿಂದ ಹಾರಿಸಿದ ಪುಟ್ಟ ವಿಮಾನದಲ್ಲೇ ಈ ಸ್ಥಿರತೆಯ ಗುಟ್ಟು ಇತ್ತು. ಅದರ ಬಾಲ ರೆಕ್ಕೆಗಿಂತ ಕಡಿಮೆ ಕೋನದಲ್ಲಿ ಕೂತಿತ್ತು. ಬೀಳುವಾಗ ನಮ್ಮನ್ನು ಉಳಿಸುವ ಈ ಗುಣವೇ ಮೋಟರ್ ಜೋರಾದಾಗ ವಿಮಾನವನ್ನು ಮೇಲಕ್ಕೆ ಎತ್ತುತ್ತದೆ. ಮೋಟರಿನ ಮುಖವನ್ನು ಕೆಲವು ಡಿಗ್ರಿ ಕೆಳಕ್ಕೆ ತಿರುಗಿಸಿದರೆ, ಅದು ಎಷ್ಟು ಜೋರಾಗಿ ಎಳೆಯುತ್ತದೆಯೋ ಅಷ್ಟೇ ಜೋರಾಗಿ ಮೂಗನ್ನು ಹಿಡಿದಿಡುತ್ತದೆ. ಬಲಕ್ಕೆ ತಿರುಗಿಸಿದ್ದು ಪ್ರೊಪೆಲ್ಲರಿನ ಎಡಸೆಳೆತಕ್ಕೆ. ಎಲಿವೇಟರ್ ಟ್ರಿಮ್ ಒಂದು ವೇಗಕ್ಕೆ ಮಾತ್ರ ಸರಿಹೊಂದುತ್ತದೆ. ವಾಷರ್‌ಗಳು ಥ್ರಾಟಲಿನ ಜೊತೆಗೇ ಏರಿ ಇಳಿಯುವ ಪರಿಹಾರ. ಅಂಥ ಆರು ವಾಷರ್‌ಗಳನ್ನು ನಾನು ಕೊಳಕು ಕೆಲಸವೆಂದು ಕಿತ್ತುಹಾಕಿದ್ದೆ. ಬಾಲದಲ್ಲಿದ್ದ ಕೆಂಪು ಪಟ್ಟಿಯನ್ನು ಸಮವಾಗಿದೆಯೆಂದು ನಂಬಿ ಬಿಟ್ಟಿದ್ದರೆ ವಿಮಾನ ಅಂದೇ ಮುರಿದು ಬೀಳುತ್ತಿತ್ತು. ಎರಡೂ ಒಬ್ಬರದೇ ಕೈಕೆಲಸವೇ, ಬೇರೆಬೇರೆಯವರದೇ ಎಂದು ಈಗಲೂ ಯೋಚಿಸುತ್ತೇನೆ. ಇಷ್ಟು ನಿಖರವಾಗಿ ವಾಷರ್ ಎಣಿಸಿದವರು ಸೀಳನ್ನು ಹಾಗೆ ಮುಚ್ಚಿಡಲಾರರೆಂದು ನನ್ನ ಮನಸ್ಸು ಹೇಳುತ್ತದೆ.

ಮರುದಿನ ಸಂಜೆ ವಾಷರ್‌ಗಳನ್ನು ಫೋಟೋ ನೋಡುತ್ತ ಅದೇ ಕ್ರಮದಲ್ಲಿ ಮರಳಿ ಹಾಕಿದೆ. ಹಾರಾಟದಲ್ಲಿ ಒತ್ತಿದ್ದ ಟ್ರಿಮ್‌ಗಳನ್ನೆಲ್ಲ ನಡುವಿಗೆ ತಂದೆ. ಮುಂದಿನ ವಾರ ಅದೇ ಮೈದಾನದಲ್ಲಿ ಅದೇ ಹಿರಿಯರ ಪಕ್ಕದಲ್ಲಿ ನಿಂತು ಥ್ರಾಟಲ್ ಏರಿಸಿದಾಗ ವಿಮಾನ ಹೆಬ್ಬೆರಳಿನಿಂದ ಕೊಟ್ಟ ಒಂದು ಚೂರು ರಡರಿಗೆ ಒಪ್ಪಿ ನೇರವಾಗಿ ಓಡಿತು, ಕೇಳಿದ ಮೇಲೆ ಎದ್ದಿತು. ಎತ್ತರದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಎರಡೂ ಸ್ಟಿಕ್ಕುಗಳಿಂದ ಬೆರಳು ತೆಗೆದು ಹತ್ತರವರೆಗೆ ಎಣಿಸಿದೆ. ಅದು ನೂಲು ಹಿಡಿದಂತೆ ಹೋಯಿತು. ಥ್ರಾಟಲ್ ಅರ್ಧಕ್ಕೆ ಇಳಿಸಿದೆ, ಮೂಗು ಕದಲಲಿಲ್ಲ. ಎಲಿವೇಟರಿಗೆ ಮಾತ್ರ ಎರಡು ಚೂರು ಕೆಳಟ್ರಿಮ್ ಬೇಕಾಯಿತು. ಇಳಿಸಿದ ಮೇಲೆ ಆ ಟ್ರಿಮ್ಮನ್ನು ನಡುವಿಗೆ ತಂದು, ಎಲಿವೇಟರ್ ಸರಳಿನ ತುದಿಯ ತಿರುಪಿನ ಕೊಂಡಿಯಾದ ಕ್ಲೆವಿಸ್ಸನ್ನು ಒಂದು ಸುತ್ತು ತಿರುಗಿಸಿ ಅದೇ ಜಾಗಕ್ಕೆ ಕೂರಿಸಿದೆ.

ಅಂದು ರಾತ್ರಿ ಬ್ಯಾಟರಿಯನ್ನು 3.8 ವೋಲ್ಟ್‌ಗೆ ತಂದಿಟ್ಟ ಮೇಲೆ ಪೆನ್ಸಿಲ್ ತೆಗೆದುಕೊಂಡು, ಫೈರ್‌ವಾಲ್‌ನಲ್ಲಿ ಪ್ರತಿ ಬೋಲ್ಟಿನ ಪಕ್ಕ ಅದರ ಅಂಕಿ ಬರೆದೆ: 3, 2, 1, 0. ಮೇಲ್ಗಡೆ ಉಳಿದ ಜಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲು ಬರೆದೆ: 'ವಾಷರ್ ತೆಗೆಯಬೇಡಿ, ತೆಗೆದರೆ ಮೋಟರ್ ಜೋರಾದಾಗ ಮೂಗು ಏಳುತ್ತದೆ.'